ಹಳೆಯ ಜಾಝ್ ಎಲ್‌ಪಿ ಕೊಳ್ಳುವ ಮುನ್ನ: ಸ್ಥಿತಿ ಮತ್ತು ಬೆಲೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ 1950 ಮತ್ತು 60ರ ದಶಕದ ಅಮೆರಿಕನ್ ಜಾಝ್ ಎಲ್‌ಪಿಗಳಿಗೆ ಸಂಬಂಧಿಸಿದವು. ಹೆಚ್ಚು ಗೊಂದಲ, ಹೆಚ್ಚು ದುಡ್ಡು ಎರಡೂ ಓಡಾಡುವುದು ಬ್ಲೂ ನೋಟ್ ಕಂಪನಿಯ ರೆಕಾರ್ಡ್‌ಗಳ ಸುತ್ತ. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ.

ಒಂದೇ ಆಲ್ಬಮ್ ಒಂದು ಕಡೆ ಎರಡು ಸಾವಿರ ರೂಪಾಯಿ, ಇನ್ನೊಂದು ಕಡೆ ಲಕ್ಷದ ಹತ್ತಿರ. ಯಾಕೆ?

ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಕೈಯಲ್ಲಿರುವುದು ಯಾವ ಮುದ್ರಣ ಎಂಬುದು ಮೊದಲನೆಯದು. ಅದು ಎಷ್ಟು ಸವೆದಿದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ರೆಕಾರ್ಡಿನ ಮೇಲಿನ ಗುರುತುಗಳು ಉತ್ತರ ಹೇಳುತ್ತವೆ, ಎರಡನೆಯದಕ್ಕೆ ಕಿವಿ.

ಕಲಾವಿದನ ಖ್ಯಾತಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಲಕ್ಷಗಟ್ಟಲೆ ಮಾರಾಟವಾಗಿದೆ, ಆದ್ದರಿಂದ ಹಳೆಯ ಪ್ರತಿಗಳೂ ಸಿಗುತ್ತಲೇ ಇರುತ್ತವೆ. ಹ್ಯಾಂಕ್ ಮೋಬ್ಲಿಯ ಬ್ಲೂ ನೋಟ್ 1568 (ಇದು ಕಂಪನಿಯ ಕ್ಯಾಟಲಾಗ್ ಸಂಖ್ಯೆ) ಆಗ ಸ್ವಲ್ಪವೇ ಅಚ್ಚಾಯಿತು, ಇವತ್ತು ಸಂಗ್ರಾಹಕರು ಅತಿ ಹೆಚ್ಚು ಹಣ ಸುರಿಯುವ ಜಾಝ್ ಎಲ್‌ಪಿಗಳಲ್ಲಿ ಅದೂ ಒಂದು.

ಬ್ಲೂ ನೋಟ್ ರೆಕಾರ್ಡ್ ಮೂಲ ಮುದ್ರಣವೇ ಎಂದು ಹೇಗೆ ತಿಳಿಯುವುದು?

ಮೊದಲು ಲೇಬಲ್ ಮೇಲಿನ ವಿಳಾಸ ಓದಿ. 1950ರ ದಶಕದ ಮಧ್ಯದ ರೆಕಾರ್ಡ್‌ಗಳಲ್ಲಿ 767 ಲೆಕ್ಸಿಂಗ್ಟನ್ ಅವೆನ್ಯೂ ಎಂದಿರುತ್ತದೆ. 1957ರ ಹೊತ್ತಿಗೆ ಅದು 47 ವೆಸ್ಟ್ 63ನೇ ರಸ್ತೆಯ ವಿಳಾಸವಾಯಿತು. 1962ರ ಸುಮಾರಿಗೆ ಬೀದಿಯ ಹೆಸರು ಹೋಗಿ ‘ನ್ಯೂಯಾರ್ಕ್ ಯುಎಸ್ಎ’ ಎಂದಷ್ಟೇ ಉಳಿಯಿತು. ಕಂಪನಿಯನ್ನು ಲಿಬರ್ಟಿ ಕೊಂಡ ಮೇಲೆ, 1966ರಿಂದ, ‘ಎ ಡಿವಿಷನ್ ಆಫ್ ಲಿಬರ್ಟಿ ರೆಕಾರ್ಡ್ಸ್’ ಎಂಬ ಸಾಲು ಸೇರಿತು.

ವಿಳಾಸ ಹಳೆಯದಾದಷ್ಟೂ ಒಳ್ಳೆಯದು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಆ ಆಲ್ಬಮ್ ಹೊರಬಂದ ವರ್ಷಕ್ಕೆ ವಿಳಾಸ ಹೊಂದಬೇಕು, ಅಷ್ಟೇ. ಕೆನಿ ಬರೆಲ್‌ನ ‘ಮಿಡ್‌ನೈಟ್ ಬ್ಲೂ’ ಬಂದದ್ದು 1963ರಲ್ಲಿ. ಅದರ ಮೂಲ ಮುದ್ರಣಕ್ಕೆ ‘ನ್ಯೂಯಾರ್ಕ್ ಯುಎಸ್ಎ’ ಲೇಬಲ್ಲೇ ಸರಿ. ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’, ಅಂದರೆ 1577, ಅದೇ ‘ನ್ಯೂಯಾರ್ಕ್ ಯುಎಸ್ಎ’ ಲೇಬಲ್‌ನಲ್ಲಿ ಸಿಕ್ಕರೆ ಅದು ನಂತರ ಅಚ್ಚಾದ ಪ್ರತಿ.

ಲೇಬಲ್ ಓದಿ ಮುಗಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ. ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಇರುವ ನುಣುಪಾದ ಖಾಲಿ ಪಟ್ಟಿ, ಅಂದರೆ ರನ್‌ಔಟ್, ನೋಡಬೇಕು. ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಅಲ್ಲಿ ಮೂರು ಸಂಗತಿ ಸಿಗಬೇಕು.

ಒಂದು, ಕೈಬರಹದ ಮ್ಯಾಟ್ರಿಕ್ಸ್ ಸಂಖ್ಯೆ. ಅದರಲ್ಲಿ ಸಾಮಾನ್ಯವಾಗಿ ಕ್ಯಾಟಲಾಗ್ ಸಂಖ್ಯೆ ಮತ್ತು ಬದಿಯ ಗುರುತು ಇರುತ್ತವೆ. ಎರಡು, ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್‌ನ ಗುರುತು: ಮೊದಮೊದಲು ಕೈಯಲ್ಲಿ ಕೊರೆದ ಆರ್‌ವಿಜಿ, ಆಮೇಲೆ ಅಚ್ಚೊತ್ತಿದ ಆರ್‌ವಿಜಿ ಅಥವಾ ‘ವ್ಯಾನ್ ಗೆಲ್ಡರ್’. ಈತ ಪ್ರೆಸ್ಟೀಜ್, ಸವಾಯ್, ಇಂಪಲ್ಸ್ ಕಂಪನಿಗಳಿಗೂ ಕೆಲಸ ಮಾಡಿದ್ದಾನೆ, ಹಾಗಾಗಿ ಅವುಗಳಲ್ಲೂ ಈ ಗುರುತು ಸಿಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕೂಡಿಬರಹದ ಪಿ ಅಕ್ಷರದಂತಿರುವ ಸಣ್ಣ ಗುರುತು. ನೋಡಲು ಮನುಷ್ಯನ ಕಿವಿಯ ಹಾಗಿದೆ, ಆದ್ದರಿಂದ ಸಂಗ್ರಾಹಕರು ‘ಕಿವಿ’ ಎಂದೇ ಕರೆಯುತ್ತಾರೆ. ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು ಅದು. 1966ರವರೆಗೆ ಬ್ಲೂ ನೋಟ್ ಎಲ್‌ಪಿಗಳನ್ನು ಒತ್ತಿಕೊಡುತ್ತಿದ್ದುದು ಈ ಕಾರ್ಖಾನೆ.

ಕಿವಿ ಇಷ್ಟು ಮುಖ್ಯವಾಗಲು ಕಾರಣ ಇದೆ. ಲಿಬರ್ಟಿ ಕೈಗೆ ಹೋದಾಗ ಹಳೆಯ ‘ನ್ಯೂಯಾರ್ಕ್ ಯುಎಸ್ಎ’ ಲೇಬಲ್‌ಗಳು ರಾಶಿ ಉಳಿದಿದ್ದವು. ಬೇರೆ ಕಾರ್ಖಾನೆಗಳಲ್ಲಿ ಒತ್ತಿದ ರೆಕಾರ್ಡ್‌ಗಳಿಗೂ ಅವನ್ನೇ ಅಂಟಿಸಿ ಮುಗಿಸಿದರು. ಲೇಬಲ್ ನೋಡಿದರೆ ಮೂಲ, ರನ್‌ಔಟ್ ನೋಡಿದರೆ ಕಿವಿ ಇಲ್ಲ: ಅದು ಲಿಬರ್ಟಿ ಕಾಲದ್ದು. ಮಾರುವವರು ಲೇಬಲ್ಲಿನ ಫೋಟೊ ಮಾತ್ರ ಹಾಕಿ ‘ಒರಿಜಿನಲ್’ ಎಂದು ಬರೆದಿದ್ದರೆ ರನ್‌ಔಟ್ ಫೋಟೊ ಕೇಳಿಯೇ ಮುಂದುವರಿಯಿರಿ.

ಡೀಪ್ ಗ್ರೂವ್ ಇದ್ದರೆ ಧ್ವನಿ ಚೆನ್ನಾಗಿರುತ್ತದೆಯೇ?

ಇಲ್ಲ. ಲೇಬಲ್ ಮೇಲೆ ಬಳೆಯಂತೆ ಕಾಣುವ ಆ ತಗ್ಗು, ಒತ್ತುವ ಯಂತ್ರದ ಅಚ್ಚಿನಿಂದ ಬಿದ್ದದ್ದು. ಹಳೆಯ ಅಚ್ಚುಗಳನ್ನು 1960ರ ದಶಕದ ಆರಂಭದಲ್ಲಿ ಒಂದೊಂದಾಗಿ ಬದಲಿಸಿದರು. ಹಾಗಾಗಿ ಕೆಲವು ಪ್ರತಿಗಳಲ್ಲಿ ಒಂದೇ ಬದಿಗೆ ತಗ್ಗು ಇರುತ್ತದೆ. ಕಾಲ ಗುರುತಿಸಲು ಅದು ನೆರವಾಗುತ್ತದೆ, ಸಂಗೀತಕ್ಕೆ ಅದರಿಂದ ಏನೂ ಆಗುವುದಿಲ್ಲ.

‘ಕೈಂಡ್ ಆಫ್ ಬ್ಲೂ’ ಮೊದಲ ಮುದ್ರಣದ ಗುರುತುಗಳೇನು?

ಕೊಲಂಬಿಯಾ ಇದನ್ನು ಆಗಸ್ಟ್ 1959ರಲ್ಲಿ ಹೊರತಂದಿತು; ಮೊನೊ ಪ್ರತಿಯ ಸಂಖ್ಯೆ ಸಿಎಲ್ 1355, ಸ್ಟೀರಿಯೊ ಸಿಎಸ್ 8163. ಲೇಬಲ್ಲಿನ ಎರಡು ಪಕ್ಕದಲ್ಲೂ ಮೂರು ಮೂರರಂತೆ ಆರು ಕಣ್ಣಿನಾಕಾರದ ಚಿಹ್ನೆಗಳು ಇರಬೇಕು. 1962ರ ನಂತರ ಎರಡೇ ಕಣ್ಣು, 1970ರ ನಂತರ ಅವೂ ಇಲ್ಲ. ತೀರ ಮೊದಲ ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹಾಡುಗಳ ಹೆಸರು ಅದಲುಬದಲಾಗಿ ಅಚ್ಚಾಗಿವೆ: ಮೊದಲು ನುಡಿಯುವುದು ‘ಆಲ್ ಬ್ಲೂಸ್’, ಪಟ್ಟಿಯಲ್ಲಿ ಮೊದಲು ಕಾಣುವುದು ‘ಫ್ಲಮೆಂಕೊ ಸ್ಕೆಚಸ್’. ಕವರ್ ಮೇಲೆ ಸ್ಯಾಕ್ಸೊಫೋನ್ ವಾದಕ ಆಡರ್ಲಿಯ ಹೆಸರಿನ ಕಾಗುಣಿತವೂ ತಪ್ಪಿದೆ, ಕೊನೆಯ ವೈ ಅಕ್ಷರಕ್ಕೆ ಮುಂಚಿನ ಇ ಬಿಟ್ಟುಹೋಗಿದೆ.

ರನ್‌ಔಟ್‌ನಲ್ಲಿ ಸಂಖ್ಯೆಯ ಕೊನೆಗೆ 1ಎ ಇದೆ ಎಂದು ಕುಣಿದಾಡಬೇಡಿ. ಕೊಲಂಬಿಯಾ ಒಂದೇ ಬದಿಗೆ ಹಲವು ಲ್ಯಾಕರ್ (ಒತ್ತುವ ಅಚ್ಚು ಮಾಡಲು ಕೊರೆಯುವ ಮೂಲ ತಟ್ಟೆ) ಕತ್ತರಿಸಿ ಬೇರೆ ಬೇರೆ ಕಾರ್ಖಾನೆಗಳಿಗೆ ಕಳಿಸುತ್ತಿತ್ತು. 1ಎ ಇರುವ ಪ್ರತಿ 1ಡಿ ಇರುವುದಕ್ಕಿಂತ ಮೊದಲು ಅಂಗಡಿಗೆ ಬಂತು ಎನ್ನಲಾಗದು.

ಇನ್ನೊಂದು ವಿಷಯ. ಮಾರ್ಚ್ 2, 1959ರಂದು ಮುದ್ರಿಸಿದ ಮೊದಲ ಬದಿಯ ಮೂರು ಹಾಡುಗಳ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಹಳೆಯ ಎಲ್‌ಪಿಗಳಲ್ಲಿ ಆ ಬದಿಯ ಶ್ರುತಿ ತುಸು ಏರಿದೆ. 1992ರಲ್ಲಿ ಇದನ್ನು ಸರಿಪಡಿಸಿದರು. ಶ್ರುತಿ ಏರಿದೆ ಎಂದು ನಿಮ್ಮ ಟರ್ನ್‌ಟೇಬಲ್ ರಿಪೇರಿಗೆ ಕೊಡಬೇಡಿ.

ನಿಯರ್ ಮಿಂಟ್, ವಿಜಿ ಪ್ಲಸ್ ಎಂದರೆ ಏನು? ಬೆಲೆ ಎಷ್ಟು ಇಳಿಯುತ್ತದೆ?

ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ಅಳತೆಗೋಲು ಹೆಚ್ಚು ಬಳಕೆಯಲ್ಲಿದೆ. ಮಿಂಟ್ ಎಂದರೆ ಯಾವ ದೋಷವೂ ಇಲ್ಲದ್ದು. 60 ವರ್ಷ ಹಳೆಯ ರೆಕಾರ್ಡಿಗೆ ಯಾರಾದರೂ ಮಿಂಟ್ ಎಂದು ಬರೆದರೆ ಅನುಮಾನ ಪಡಿ. ನಿಯರ್ ಮಿಂಟ್‌ನಲ್ಲಿ ಗೀರು, ಸವೆತ ಕಾಣುವುದಿಲ್ಲ. ವಿಜಿ ಪ್ಲಸ್‌ನಲ್ಲಿ (ವಿಜಿ ಎಂದರೆ ವೆರಿ ಗುಡ್) ಸಣ್ಣಪುಟ್ಟ ಗುರುತು ಇದ್ದರೂ ಕೇಳುವುದಕ್ಕೆ ಅಡ್ಡಿ ಇಲ್ಲ. ವಿಜಿಯಲ್ಲಿ ಸಂಗೀತ ಮೆತ್ತಗಾದಾಗ ಹಿಂದಿನ ಚಟಪಟ ಕೇಳಿಸುತ್ತದೆ, ಕೆಲವು ಗೀರು ಬೆರಳಿಗೆ ತಾಗುತ್ತವೆ. ಗುಡ್ ಎಂಬುದು ಹೆಸರಿಗೆ ಮಾತ್ರ. ಅದು ಹಾಡು ಎಗರದೆ ಕೊನೆಯವರೆಗೆ ಓಡಿದರೆ ಸಾಕು ಎಂಬ ಮಟ್ಟ.

ಬೆಲೆ ಲೆಕ್ಕ ಸರಳ. ನಿಯರ್ ಮಿಂಟ್ 200 ಡಾಲರ್ ಎನ್ನಿ. ವಿಜಿ ಪ್ಲಸ್ ಅದರ ಅರ್ಧ, 100. ವಿಜಿ ಕಾಲು ಭಾಗ, 50. ಗುಡ್ 20ರಿಂದ 30. ತೀರ ಅಪರೂಪದ ಬ್ಲೂ ನೋಟ್‌ಗಳಿಗೆ ಈ ಲೆಕ್ಕ ನಿಲ್ಲುವುದಿಲ್ಲ. ಚೆನ್ನಾಗಿರುವ ಪ್ರತಿ ಸಿಗುವುದೇ ಇಲ್ಲವಾದ್ದರಿಂದ ವಿಜಿಗೂ ಜನ ಜಾಸ್ತಿ ಕೊಡುತ್ತಾರೆ. ಬ್ರಿಟನ್ನಿನ ಮಾರಾಟಗಾರರು ‘ಎಕ್ಸಲೆಂಟ್’ ಎಂಬ ಇನ್ನೊಂದು ಮೆಟ್ಟಿಲು ಬಳಸುತ್ತಾರೆ. ಸುಮಾರಾಗಿ ಅದು ವಿಜಿ ಪ್ಲಸ್‌ನ ಜಾಗದಲ್ಲಿ ನಿಲ್ಲುತ್ತದೆ.

ಕವರ್ ಮತ್ತು ರೆಕಾರ್ಡ್ ಎರಡಕ್ಕೂ ಬೇರೆ ಬೇರೆ ದರ್ಜೆ ಕೊಟ್ಟಿರಬೇಕು. ಒಂದೇ ದರ್ಜೆ ಬರೆದಿದ್ದರೆ ಯಾವುದರದ್ದು ಎಂದು ಕೇಳಿ.

ಅಂಗಡಿಯಲ್ಲಿ ಪ್ಲೇಯರ್ ಇಲ್ಲ. ಕಣ್ಣಲ್ಲೇ ನೋಡಿ ಹೇಗೆ ನಿರ್ಧರಿಸುವುದು?

ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ, ಹಾಡು ಕೊರೆದ ಗೆರೆಗಳ, ಅಂದರೆ ಗ್ರೂವ್ ಮೇಲೆ ಬೆರಳು ಇಡಬೇಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ರೆಕಾರ್ಡೂ ಚೆನ್ನಾಗಿಯೇ ಕಾಣುತ್ತದೆ. ಬಾಗಿಲ ಹತ್ತಿರ ಬಿಸಿಲಿಗೆ ಅಥವಾ ಒಂದೇ ಬಲ್ಬಿನ ಕೆಳಗೆ ತನ್ನಿ, ಇಲ್ಲವೇ ಫೋನಿನ ಟಾರ್ಚ್ ಹಾಕಿ. ಓರೆ ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿ.

ಕೂದಲೆಳೆಯಂಥ ಗೀರುಗಳು ಕವರಿನೊಳಗೆ ಹಾಕಿ ತೆಗೆಯುವಾಗ ಬಿದ್ದವು. ಅವು ಮೇಲ್ಮೈಯಲ್ಲೇ ಉಳಿಯುತ್ತವೆ, ಬಹುಪಾಲು ಕೇಳಿಸುವುದಿಲ್ಲ. ಗೀರು ಕಂಡ ಕಡೆ ಉಗುರಿನ ಬೆನ್ನನ್ನು ಹಗುರವಾಗಿ ಹಾಯಿಸಿ: ತಡೆದರೆ ಅದು ಖಂಡಿತ ಸದ್ದು ಮಾಡುತ್ತದೆ. ಗ್ರೂವ್‌ಗೆ ಅಡ್ಡಲಾಗಿ ಬಿದ್ದ ಗೀರು ಟಿಕ್ ಟಿಕ್ ಎನ್ನುತ್ತದೆ, ಗ್ರೂವ್‌ನ ದಿಕ್ಕಿನಲ್ಲೇ ಸಾಗಿದ ಗೀರು ಹೆಚ್ಚು ಅಪಾಯ. ಮುಳ್ಳು ಅಲ್ಲೇ ಸಿಕ್ಕಿಕೊಂಡು ಅದೇ ಸಾಲು ಮತ್ತೆ ಮತ್ತೆ ಹಾಡಬಹುದು.

ಲೇಬಲ್ಲಿನ ನಡುವಿನ ತೂತಿನ ಸುತ್ತ ನೋಡಿ. ಸ್ಪಿಂಡಲ್ (ಪ್ಲೇಯರಿನ ನಡುವಿನ ಕಡ್ಡಿ) ಹುಡುಕುತ್ತ ಕುರುಡಾಗಿ ಇಟ್ಟಾಗ ಬಿದ್ದ ಗೆರೆಗಳು ತುಂಬ ಇದ್ದರೆ ಆ ರೆಕಾರ್ಡ್ ನೂರಾರು ಸಲ ಓಡಿದೆ. ಮೇಲ್ಮೈ ಹೊಳೆಯುತ್ತಿದ್ದರೂ ಈ ಗೆರೆಗಳು ಸುಳ್ಳು ಹೇಳುವುದಿಲ್ಲ.

ಒಂದು ಗೀರು ಎಷ್ಟು ಹೊತ್ತು ಕಾಡುತ್ತದೆ?

ಲೆಕ್ಕ ಹಾಕಬಹುದು. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. 20 ನಿಮಿಷದ ಬದಿಯಲ್ಲಿ ಸುಮಾರು 667 ಸುತ್ತು, ಅವು ಹರಡಿರುವುದು ಸುಮಾರು 85 ಮಿ.ಮೀ. ಅಗಲದಲ್ಲಿ, ಅಂದರೆ ಮಿಲಿಮೀಟರಿಗೆ ಹತ್ತಿರಹತ್ತಿರ 8. ಅಂಚಿನಿಂದ ಲೇಬಲ್ ಕಡೆಗೆ 3 ಮಿ.ಮೀ. ಉದ್ದ ಹೋದ ಗೀರು 24 ಸಲ ಟಿಕ್ ಎಂದು, ಮುಕ್ಕಾಲು ನಿಮಿಷದೊಳಗೆ ಮುಗಿಯುತ್ತದೆ. ಅದು ಡ್ರಮ್ಸ್ ಜೋರಾಗಿರುವ ಕಡೆ ಬಿದ್ದಿದ್ದರೆ ಗೊತ್ತೇ ಆಗದು, ಬಾಸ್ ಸೋಲೊ ಮೇಲೆ ಬಿದ್ದಿದ್ದರೆ ಹಾಡೇ ಕೆಟ್ಟಂತೆ. ಆನ್‌ಲೈನ್ ಮಾರಾಟಗಾರರನ್ನು ‘ಗೀರು ಇದೆಯೇ’ ಎಂದು ಕೇಳುವ ಬದಲು ‘ಯಾವ ಹಾಡಿನಲ್ಲಿ, ಎಷ್ಟು ಟಿಕ್’ ಎಂದು ಕೇಳಿ.

ಗೀರೇ ಇಲ್ಲ, ಥಳಥಳ ಹೊಳೆಯುತ್ತದೆ. ಆದರೂ ಸ್ಯಾಕ್ಸೊಫೋನ್ ಹರಿದ ಹಾಗೆ ಕೇಳುತ್ತದೆ. ಯಾಕೆ?

ಗ್ರೂವ್ ಸವೆದಿದೆ. ಹಳೆಯ ಜಾಝ್ ರೆಕಾರ್ಡ್‌ಗಳಲ್ಲಿ ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ, ಯಾಕೆಂದರೆ ಇದು ಫೋಟೊದಲ್ಲಿ ಕಾಣುವುದಿಲ್ಲ.

1950ರ ದಶಕದ ಸಾಮಾನ್ಯ ಮನೆಯ ಪ್ಲೇಯರುಗಳಲ್ಲಿ ತೋಳು ಭಾರ, ಮುಳ್ಳಿನ ಒತ್ತಡ ಐದಾರು ಗ್ರಾಂ ದಾಟುವುದು ಸಾಮಾನ್ಯವಾಗಿತ್ತು. ಇವತ್ತಿನ, ಮುಳ್ಳು ಕೂರಿಸಿದ ಕಾರ್ಟ್ರಿಜ್‌ಗಳು 1.5ರಿಂದ 2 ಗ್ರಾಂನಲ್ಲಿ ಓಡುತ್ತವೆ. ಅದರ ಮೇಲೆ ಮುಳ್ಳು ಸವೆದಿದ್ದರೆ ಅದು ಉಳಿಯಂತೆ ಗ್ರೂವ್‌ನ ಗೋಡೆ ಕೆತ್ತುತ್ತದೆ. ಮೊದಲು ಹೋಗುವುದು ಜೋರಾದ, ಎತ್ತರದ ಸ್ವರಗಳು: ಟ್ರಂಪೆಟ್‌ನ ಏರುದನಿ, ಪಿಯಾನೊದ ಗಟ್ಟಿ ಪೆಟ್ಟು.

ಕೇಳಿ ನೋಡಲು ಅವಕಾಶ ಇದ್ದರೆ ನೇರ ಪ್ರತಿ ಬದಿಯ ಕೊನೆಯ ಹಾಡಿಗೆ ಹೋಗಿ. ಹೊರ ಅಂಚಿನಲ್ಲಿ ಗ್ರೂವ್ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಒಳ ಅಂಚಿನಲ್ಲಿ 21ರ ಹತ್ತಿರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುವುದರಿಂದ ಸವೆತ ಅಲ್ಲಿ ಮೊದಲು ಬಾಯಿ ಬಿಡುತ್ತದೆ. ಚಟಪಟ ಸದ್ದು ಕೊಳೆಯಿಂದಲೂ ಬರಬಹುದು, ತೊಳೆದರೆ ಹೋಗಬಹುದು. ಸ್ವರಕ್ಕೇ ಅಂಟಿಕೊಂಡು ಜೋರಾದಾಗ ಮಾತ್ರ ಬರುವ ಒರಟು ಸದ್ದು ಸವೆತದ್ದು; ಎಷ್ಟು ತೊಳೆದರೂ ಹೋಗುವುದಿಲ್ಲ.

ಒಂದು ಸಮಾಧಾನ ಇದೆ. ಮೊನೊ ರೆಕಾರ್ಡಿನ ಮೂಲ ಮುಳ್ಳಿನ ತುದಿಯ ತ್ರಿಜ್ಯ 25 ಮೈಕ್ರಾನ್. ಸ್ಟೀರಿಯೊ ಮುಳ್ಳಿನದು ಸುಮಾರು 18, ಆದ್ದರಿಂದ ಅದು ತುಸು ಆಳದಲ್ಲಿ ಕೂರುತ್ತದೆ. ಹಳೆಯ ಮುಳ್ಳು ಸವೆಸಿದ ಜಾಗದ ಕೆಳಗೆ ಇನ್ನೂ ಚೆನ್ನಾಗಿರುವ ಗೋಡೆ ಸಿಕ್ಕರೆ ರೆಕಾರ್ಡ್ ಬದುಕಿತು. ಆಂಪ್ಲಿಫೈಯರ್‌ನಲ್ಲಿ ಮೊನೊ ಸ್ವಿಚ್ ಇದ್ದರೆ ಮೊನೊ ಎಲ್‌ಪಿ ಹಾಕಿದಾಗ ಒತ್ತಿ. ಮೊನೊದಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ, ಸ್ವಿಚ್ ಒತ್ತಿದಾಗ ಮೇಲೆ ಕೆಳಗಿನ ಚಲನೆಯ ಗದ್ದಲ ರದ್ದಾಗುತ್ತದೆ.

ಸೊಟ್ಟಗಾದ ರೆಕಾರ್ಡ್ ಕೊಳ್ಳಬಹುದೇ?

ಬೋಗುಣಿಯಂತೆ ಇಡೀ ರೆಕಾರ್ಡ್ ಬಾಗಿದ್ದರೆ ಸಾಮಾನ್ಯವಾಗಿ ಓಡುತ್ತದೆ. ಅಂಚಿನಲ್ಲಿ ಒಂದೇ ಕಡೆ ಚೂಪಾಗಿ ಎದ್ದಿದ್ದರೆ ಬೇಡ, ಮುಳ್ಳು ಹಾರುತ್ತದೆ. ತಿರುಗುವಾಗ ತೋಳು ಅತ್ತಿತ್ತ ತೂಗಾಡಿದರೆ ತೂತು ನಡುವಿನಲ್ಲಿಲ್ಲ ಎಂದರ್ಥ. ಪಿಯಾನೊದ ನೀಳ ಸ್ವರಗಳು ಅಲುಗಾಡುತ್ತವೆ. ಅದು ಹುಟ್ಟುದೋಷ, ದರ್ಜೆ ನಿಯರ್ ಮಿಂಟ್ ಆದರೂ ಸರಿಹೋಗುವುದಿಲ್ಲ. ವಿನೈಲ್ 60 ಡಿಗ್ರಿ ಸುತ್ತಮುತ್ತ ಮೆತ್ತಗಾಗತೊಡಗುತ್ತದೆ, ಕೊಂಡದ್ದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.

ದರ್ಜೆ ಕೊಡುವ ಮೊದಲು ತೊಳೆಯಬೇಕೇ?

ತೊಳೆಯದೆ ದರ್ಜೆ ಹೇಳುವುದೇ ತಪ್ಪು. 900 ಮಿ.ಲೀ. ಡಿಸ್ಟಿಲ್ಡ್ ನೀರು, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ ಮತ್ತು ವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಮೆತ್ತನೆ ಬ್ರಷ್‌ನಿಂದ ಗ್ರೂವ್‌ನ ದಿಕ್ಕಿನಲ್ಲೇ ಉಜ್ಜಿ, ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ, ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಉಳಿಯುವ ಸುಣ್ಣ ಗ್ರೂವ್‌ನಲ್ಲೇ ಕೂರುತ್ತದೆ. 78 ವೇಗದ ಷೆಲ್ಯಾಕ್ ಪ್ಲೇಟುಗಳಿಗೆ ಈ ದ್ರಾವಣ ತಾಗಿಸಬೇಡಿ. ಆಲ್ಕೊಹಾಲ್ ಷೆಲ್ಯಾಕನ್ನು ಕರಗಿಸುತ್ತದೆ.

ಕರಾವಳಿ, ಮಲೆನಾಡಿನ ಮನೆಗಳಿಂದ ಬಂದ ರೆಕಾರ್ಡ್‌ಗಳಲ್ಲಿ ಬಿಳಿ ಬೂಷ್ಟು ಸಾಮಾನ್ಯ. ಬೇಗ ತೊಳೆದರೆ ಹೋಗುತ್ತದೆ; ಮಳೆಗಾಲಗಳನ್ನೇ ಕಳೆದಿದ್ದರೆ ಕಲೆ ಹೋದರೂ ಸದ್ದು ಉಳಿಯಬಹುದು. ಹಳೆಯ ಒಳಚೀಲ ಎಸೆಯಬೇಡಿ, ಹೊಸ ಚೀಲದಲ್ಲಿ ರೆಕಾರ್ಡ್ ಇಟ್ಟು ಹಳೆಯದನ್ನು ಒಣಗಿಸಿ ಪಕ್ಕಕ್ಕೆ ಇಡಿ. ಪಿವಿಸಿಯ ದಪ್ಪ ಹೊರಚೀಲಗಳು ವರ್ಷಗಳ ಮೇಲೆ ರೆಕಾರ್ಡಿನ ಮೇಲೆ ಮಂಜು ಕವಿದಂಥ ಕಲೆ ಬಿಡುತ್ತವೆ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಬಳಸಿ.

ಕವರಿನ ಸ್ಥಿತಿಗೆ ಎಷ್ಟು ತೂಕ?

ಕೇಳಲು ಕೊಳ್ಳುವವರಿಗೆ ಕಡಿಮೆ, ಮರುಮಾರಾಟದ ಬೆಲೆಗೆ ಬಹಳ. ಅಂಚು ಬಿಟ್ಟಿದೆಯೇ, ಒಳಗಿನ ರೆಕಾರ್ಡಿನ ಆಕಾರ ಉಂಗುರವಾಗಿ ಸವೆದು ಮೂಡಿದೆಯೇ, ಹಿಂದೆ ಹೆಸರು ಬರೆದಿದ್ದಾರೆಯೇ ನೋಡಿ. ಮೂಲೆ ಕತ್ತರಿಸಿದ್ದರೆ ಅಥವಾ ತೂತು ಕೊರೆದಿದ್ದರೆ ಅದು ಕಂಪನಿಯೇ ಅಗ್ಗಕ್ಕೆ ತಳ್ಳಿದ ಪ್ರತಿ. ಬಾರ್‌ಕೋಡ್ ಇದ್ದರೆ ಮುಂದೆ ಯೋಚಿಸುವುದೇ ಬೇಡ, 50–60ರ ದಶಕದ ಕವರಿನಲ್ಲಿ ಅದು ಇರಲು ಸಾಧ್ಯವಿಲ್ಲ. ಕವರ್ ಮೂಲದ್ದು, ರೆಕಾರ್ಡ್ ಬೇರೆ ಎಂಬ ಜೋಡಿಗಳೂ ಓಡಾಡುತ್ತವೆ. ಎರಡರ ಗುರುತನ್ನೂ ಬೇರೆಬೇರೆಯಾಗಿ ಓದಿ.

ಮೂಲ ಮುದ್ರಣ ಕೈಗೆಟುಕದು. ಯಾವ ಮರುಮುದ್ರಣ ಕೊಳ್ಳಬೇಕು?

ಲಿಬರ್ಟಿ ಲೇಬಲ್ ಇದ್ದೂ ರನ್‌ಔಟ್‌ನಲ್ಲಿ ‘ವ್ಯಾನ್ ಗೆಲ್ಡರ್’ ಅಚ್ಚು ಇರುವ ಪ್ರತಿ ಕಂಡರೆ ಬಿಡಬೇಡಿ. ಅದೇ ಲೋಹದ ಅಚ್ಚಿನಿಂದ ಒತ್ತಿದ್ದು, ಧ್ವನಿ ಮೂಲಕ್ಕೆ ತೀರ ಹತ್ತಿರ, ಬೆಲೆ ಬಹಳ ಕಡಿಮೆ. ನಮ್ಮ ದೃಷ್ಟಿಯಲ್ಲಿ ಕೇಳುಗನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಜಪಾನಿನಲ್ಲಿ ಕಿಂಗ್ ಮತ್ತು ತೋಷಿಬಾ ಒತ್ತಿದ ಪ್ರತಿಗಳ ವಿನೈಲ್ ಬಲು ನಿಶ್ಶಬ್ದ. ಪಕ್ಕದ ಕಾಗದದ ಪಟ್ಟಿ ‘ಓಬಿ’ ಇದ್ದರೆ ಬೆಲೆ ಏರುತ್ತದೆ. ಪ್ರೆಸ್ಟೀಜ್, ರಿವರ್‌ಸೈಡ್ ಸಂಗೀತಕ್ಕೆ 1980ರ ದಶಕದ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಸರಣಿ ಸಾಕು. ಹೊಸದು ಬೇಕಿದ್ದರೆ 2019ರಲ್ಲಿ ಶುರುವಾದ ಬ್ಲೂ ನೋಟ್‌ನ ಟೋನ್ ಪೊಯೆಟ್ ಸರಣಿ.

ಬೇಡವಾದವು ಎರಡು. ಮೊನೊ ಟೇಪನ್ನು ವಿದ್ಯುತ್ ಚಮತ್ಕಾರದಿಂದ ಸ್ಟೀರಿಯೊ ಮಾಡಿದವು. ಕವರಿನಲ್ಲಿ ‘ಎಲೆಕ್ಟ್ರಾನಿಕಲಿ ರೀಚಾನಲ್ಡ್’ ಎಂದು ಸಣ್ಣಕ್ಷರದಲ್ಲಿರುತ್ತದೆ. ಇನ್ನೊಂದು, ಯುರೋಪಿನಲ್ಲಿ 1963ಕ್ಕಿಂತ ಹಿಂದಿನ ಧ್ವನಿಮುದ್ರಣಗಳ ಹಕ್ಕು ಮುಗಿದಿರುವುದರಿಂದ ಯಾರು ಬೇಕಾದರೂ ಒತ್ತುವ ಅಗ್ಗದ ಪ್ರತಿಗಳು. ಟೇಪ್ ಎಲ್ಲಿಂದ ಬಂತು ಎಂದು ಅವುಗಳ ಕವರ್ ಹೇಳುವುದಿಲ್ಲ, ‘180 ಗ್ರಾಂ’ ಎಂಬ ಸ್ಟಿಕ್ಕರ್ ಮಾತ್ರ ದೊಡ್ಡದಾಗಿರುತ್ತದೆ. ತೂಕಕ್ಕೂ ಧ್ವನಿಗೂ ನಂಟಿಲ್ಲ.

ಮೊನೊವೋ ಸ್ಟೀರಿಯೊವೋ?

ಸ್ಟೀರಿಯೊ ಎಲ್‌ಪಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. 50ರ ದಶಕದ ಬ್ಲೂ ನೋಟ್‌ಗಳಿಗೆ ಮೊನೊ ಪ್ರತಿಯೇ ಸಾಮಾನ್ಯವಾಗಿ ದುಬಾರಿ. 60ರ ದಶಕದ ಕೊನೆಗೆ ಮೊನೊ ಒತ್ತುವುದು ನಿಂತುಹೋಗುತ್ತಿತ್ತು, ಆ ಕೊನೆಯ ಮೊನೊ ಪ್ರತಿಗಳು ಅಪರೂಪ.

ಸರಿಯಾದ ಬೆಲೆ ಎಲ್ಲಿ ನೋಡುವುದು?

ಕೇಳುವ ಬೆಲೆ ಬಿಟ್ಟು ಮಾರಾಟವಾದ ಬೆಲೆ ನೋಡಿ. ಡಿಸ್ಕಾಗ್ಸ್ ಜಾಲತಾಣದಲ್ಲಿ ನಿಮ್ಮ ರನ್‌ಔಟ್‌ಗೆ ಹೊಂದುವ ನಮೂದನ್ನೇ ಆರಿಸಿ. ಒಂದೇ ಆಲ್ಬಮ್‌ಗೆ ಹತ್ತಾರು ನಮೂದು ಇರುತ್ತವೆ, ತಪ್ಪು ನಮೂದಿನ ಬೆಲೆ ನಿಮ್ಮ ಪ್ರತಿಯದಲ್ಲ. ಅಲ್ಲಿನ ಗರಿಷ್ಠ ಬೆಲೆಯನ್ನು ಮರೆತು ಮಧ್ಯದ ಬೆಲೆಯಿಂದ ಶುರು ಮಾಡಿ. ಹರಾಜಿನ ಹಳೆಯ ದಾಖಲೆಗೆ ಪಾಪ್‌ಸೈಕ್ ಜಾಲತಾಣ ಇದೆ. ಆ ಮಾರಾಟಗಳ ದರ್ಜೆ ನಿಮ್ಮ ಪ್ರತಿಗಿಂತ ಮೇಲಿದ್ದರೆ ಮೇಲಿನ ಅರ್ಧ, ಕಾಲು ಲೆಕ್ಕದಲ್ಲಿ ಇಳಿಸಿ.

ನಮ್ಮ ಕಡೆಯ ನಂಟಿರುವ ಜಾಝ್ ಎಲ್‌ಪಿಗಳಿಗೆ ಬೆಲೆ ಇದೆಯೇ?

ಹುಡುಕುವವರು ಇದ್ದಾರೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ, ಆರ್. ಎ. ರಮಾಮಣಿ ಅವರ ಗಾಯನದೊಂದಿಗೆ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮಾಡಿದ ‘ಜ್ಯೋತಿ’ ಜರ್ಮನಿಯ ಇಸಿಎಂ ಕಂಪನಿಯಿಂದ 1983ರಲ್ಲಿ ಬಂತು, ಸಂಖ್ಯೆ 1256. ಇಸಿಎಂ ರೆಕಾರ್ಡ್‌ಗಳಲ್ಲಿ ಮೌನದ ಜಾಗ ಹೆಚ್ಚು, ಒಂದು ಸಣ್ಣ ಟಿಕ್ ಕೂಡ ಎದ್ದು ಕೇಳುತ್ತದೆ. ಹಾಗಾಗಿ ಇವುಗಳಿಗೆ ದರ್ಜೆ ಕೊಡುವಾಗ ಬಿಗಿಯಾಗಿರಿ. ಕೋಲ್ಕತ್ತ ಬಳಿಯ ದಮ್‌ದಮ್‌ನಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ ವಿದೇಶಿ ಜಾಝ್ ಎಲ್‌ಪಿಗಳು ಸಾಮಾನ್ಯವಾಗಿ ಅಮೆರಿಕನ್ ಮೂಲಕ್ಕಿಂತ ಅಗ್ಗ.

ಹೊರದೇಶದಿಂದ ತರಿಸುವಾಗ ಏನು ಹೇಳಬೇಕು?

ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಒಳಚೀಲದಲ್ಲಿ ಹಾಕಿ, ಕವರಿನ ಹಿಂದೆ ಇಟ್ಟು ಕಳಿಸಲು ಹೇಳಿ. ಒಳಗೇ ಇದ್ದರೆ ಸಾಗಣೆಯಲ್ಲಿ ಪೆಟ್ಟು ಬಿದ್ದಾಗ ರೆಕಾರ್ಡಿನ ಅಂಚು ಕವರನ್ನು ಸೀಳುತ್ತದೆ. ಎರಡೂ ಕಡೆ ಗಟ್ಟಿ ರಟ್ಟು, ಮೂಲೆಗಳಲ್ಲಿ ಒಂದೆರಡು ಸೆಂ.ಮೀ. ಖಾಲಿ ಜಾಗ ಇರಲಿ. ಕಸ್ಟಮ್ಸ್ ಸುಂಕ ಮತ್ತು ತೆರಿಗೆ ಸಾಗಣೆ ವೆಚ್ಚದ ಮೇಲೂ ಬೀಳುವುದರಿಂದ ಒಂದೊಂದೇ ತರಿಸುವುದಕ್ಕಿಂತ ನಾಲ್ಕೈದು ಒಟ್ಟಿಗೆ ತರಿಸಿದರೆ ತಲೆಗೆ ಬೀಳುವ ಖರ್ಚು ಕಡಿಮೆ. ಪೊಟ್ಟಣ ಬಂದ ದಿನವೇ ಬಿಚ್ಚುವುದನ್ನು ವಿಡಿಯೊ ಮಾಡಿ, ಎರಡೂ ರನ್‌ಔಟ್‌ಗಳನ್ನು ಮಾರಾಟದ ವಿವರದ ಜೊತೆ ತಾಳೆ ನೋಡಿ, ತೊಳೆದು, ಎರಡೂ ಬದಿ ಪೂರ್ತಿ ಕೇಳಿ. ದೂರು ಕೊಡುವ ಗಡುವು ಮುಗಿದ ಮೇಲೆ ಸಿಕ್ಕ ಸವೆತಕ್ಕೆ ಯಾರೂ ಹಣ ವಾಪಸ್ ಕೊಡುವುದಿಲ್ಲ.